ಇನ್ನೂ ವರದಿ ಬಂದಿಲ್ಲ

ಅನ್ನಕ್ಕೆ ಬೂಷ್ಟು ಹಿಡಿದರೆ ನಮ್ಮ ಆಯಿ
ಮುಖ ತಿರುಗಿಸಿ, ಡಬ್ಬಿಯನ್ನೇ ಹಿತ್ತಲಿಗೆ ಎಸೆಯುತ್ತಿದ್ದಳು.
ನಾನು ಇಪ್ಪತ್ತೆರಡು ವರ್ಷದಿಂದ
ಅನ್ನಕ್ಕೆ ಬೂಷ್ಟು ಹಿಡಿಸಿ ಸಂಬಳ ಎಣಿಸುತ್ತಿದ್ದೇನೆ.

ಕಾರವಾರದ ಕಾಲೇಜು, ಹಿಂದಿನ ಕಟ್ಟಡ, ಕೊನೆಯ ಕೋಣೆ.
ಹೆಸರು ಸುಗಂಧಾ ತಾಂಡೇಲ, ಹುದ್ದೆ ಅಟೆಂಡರು.
ಅಕ್ಕಿ ನೆನೆಹಾಕಿ, ಸೀಸೆಗೆ ತುಂಬಿ, ಬಾಯಿಗೆ ಹತ್ತಿ ತುರುಕಿ
ದೊಡ್ಡ ಕುಕ್ಕರಿನಲ್ಲಿ ಹದಿನೈದು ನಿಮಿಷ ಹಬೆ ಕೊಡುವುದು.
ಸೀಟಿ ಹಾಕದ ಕುಕ್ಕರು;
ಗಡಿಯಾರ ನೋಡುತ್ತ ಕೂರಬೇಕು.

ಆಮೇಲೆ ಮೇಡಂ, ಉರಿಯ ಪಕ್ಕ ಕೈಯಿಟ್ಟು,
ಸೂಜಿಯ ತುದಿಯಲ್ಲಿ ಅದನ್ನು ತಂದು ಬಿಡುತ್ತಾರೆ.
ಕಾಳಿ ನದಿ ಕಡಲಿಗೆ ಸೇರುವಲ್ಲಿ
ಕಾಂಡ್ಲ ಗಿಡದ ಬುಡಕ್ಕೆ ಸಿಕ್ಕಿದ್ದು:
ಇಳಿತದ ಹೊತ್ತಿಗೆ ಸೀರೆ ಎತ್ತಿ ಕಟ್ಟಿ
ಏಡಿಗಳ ಬೈಗುಳ ಕೇಳುತ್ತ ನಾನೇ ಬಗೆದ ಕೆಸರು.
ಲೇಬಲ್ಲಿನಲ್ಲಿ ಉದ್ದನೆಯ ಲ್ಯಾಟಿನ್ ಹೆಸರಿದೆ.
ನಾನು ಕೆಂಪಿ ಅನ್ನುತ್ತೇನೆ.

ಎರಡು ದಿನ ಬರೀ ಬಿಳಿ,
ಹಸುಗೂಸಿನ ನೆತ್ತಿಯ ಕೂದಲಿನಷ್ಟು.
ಮೂರಕ್ಕೆ ಬುಡದಲ್ಲಿ ಕಿತ್ತಳೆ.
ಆರನೆಯ ದಿನ ಒಂದೊಂದು ಕಾಳೂ
ಒಳಗಿಂದ ಸಿಟ್ಟು ಬಂದ ಹಾಗೆ.
ಬೆಳಕು ಬಿದ್ದರೆ ಮುನಿಸು, ಬಣ್ಣ ತೆಳ್ಳಗಾಗುತ್ತದೆ.
ಅದಕ್ಕೇ ಕಪಾಟಿಗೆ ನನ್ನ ಹಳೇ ಕೊಡೆಯ ಬಟ್ಟೆ
ಹೊಲಿದು ಹಾಕಿದ್ದೇನೆ.

ಕಿತ್ತಳೆ ಕೆಂಪಾಗುವುದು ಹೇಗೆ ಮೇಡಂ, ಎಂದೆ ಒಮ್ಮೆ.
ಅವರು ಒಂದು ಚಿಟಿಕೆ ಬಿಳಿ ಹರಳು ತೋರಿಸಿದರು.
ಕಂಡ ಕೂಡಲೇ ಗುರುತು ಸಿಕ್ಕಿತು:
ನಮ್ಮ ಭಾವನ ಗಾಡಿಯಲ್ಲಿರುವ ಅದೇ ಟೇಸ್ಟಿಂಗ್ ಪೌಡರು!
ಅದರೊಳಗಿನ ಸಾರಜನಕ ಬಂದು
ಕಿತ್ತಳೆಯ ಕೈ ಹಿಡಿದರೆ ಕೆಂಪಂತೆ.

ಭಾವ ಎಂದರೆ ಪುರ್ಸು. ಬೀಚಿನ ಎದುರು ಗೋಬಿ ಮಂಚೂರಿ.
ಅಧಿಕಾರಿಗಳು ಬಂದು ಕೆಂಪು ಪುಡಿಯ ಡಬ್ಬಿ ಸೀಲು ಮಾಡಿ ಒಯ್ದ ಮೇಲೆ
ಅವನ ಗೋಬಿ ಗೋಬಿಯ ಬಣ್ಣದ್ದೇ.
ಜ್ವರ ಬಂದಿದೆಯಾ ಇದಕ್ಕೆ, ಅಂತ ಹುಡುಗರು ಕೇಳುತ್ತಾರೆ.
ಅಕ್ಕ ಭಿರಂಡೆ ಸಿಪ್ಪೆ ನೆನೆಸಿ ನೋಡಿದಳು, ಹುಳಿಯಾಯಿತು.
ಬೀಟ್‌ರೂಟು ಎಣ್ಣೆ ಕಂಡದ್ದೇ ಕಂದು.

ನಿನ್ನೆ ಸಂಜೆ ಕಾಲೇಜಿನ ಗೇಟಿಗೇ ಬಂದ,
ಕೈಯಲ್ಲಿ ತೊಳೆದ ಉಪ್ಪಿನಕಾಯಿ ಬಾಟಲಿ.
"ಒಂದೇ ಚಮಚ. ಬೂಷ್ಟು ಅಂತ ಯಾರಿಗೂ ಹೇಳೂದಿಲ್ಲ."

ಹೇಳಲೇಬೇಕಲ್ಲ ಭಾವ, ಅದೇ ತಕರಾರು.
ಚೀನಾದಲ್ಲಿ ಕೆಂಪು ಬೂಷ್ಟಿನ ಅಕ್ಕಿಯನ್ನು ತಲೆತಲಾಂತರದಿಂದ ತಿನ್ನುತ್ತಾರಂತೆ.
ಆದರೆ ಇದು ಕಾಂಡ್ಲದ್ದು, ಬೇರೆ ಮನೆತನ.
ಬಣ್ಣ ನೇಯುವ ಮಗ್ಗದಲ್ಲೇ ಕೆಲವು ಬೂಷ್ಟು
ಕಿಡ್ನಿಗೆ ಆಗದ ವಿಷವನ್ನೂ ನೇಯುತ್ತವೆ,
ನೂಲು ಒಂದೇ, ಕೊನೆಗೆ ಕವಲು.
ಇದೆಯೋ ಇಲ್ಲವೋ ನೋಡಲು ಮೈಸೂರಿಗೆ ಕಳಿಸಿದ್ದಾರೆ.
ಇನ್ನೂ ವರದಿ ಬಂದಿಲ್ಲ.

ಅವನು ಮುಚ್ಚಳ ಸಡಿಲಿಸಿದ, ಮತ್ತೆ ಬಿಗಿ ಮಾಡಿದ.
"ಹತ್ತು ವರ್ಷ ಆ ಪುಡಿಗೆ ಯಾರೂ ವರದಿ ಕೇಳಲಿಲ್ಲ" ಅಂದ.

ಹತ್ತು ವರ್ಷ.
ನನ್ನ ಮಕ್ಕಳೂ ತಿಂದಿದ್ದರು,
ಕೆಂಪು ನಾಲಿಗೆ ಚಾಚಿ ಒಬ್ಬರಿಗೊಬ್ಬರು ಅಣಕಿಸಿದ್ದರು.
ಕಾಸು ಕೊಟ್ಟವಳು ನಾನೇ.

ಕೆಂಪಿ ನಮಗಾಗಿ ಕೆಂಪಾಗುವುದಲ್ಲ.
ಅಕ್ಕಪಕ್ಕದ ಕ್ರಿಮಿಗಳನ್ನು ದೂರ ಇಡಲು ಇರಬಹುದು,
ಪೂರ್ತಿ ಯಾರಿಗೂ ಗೊತ್ತಿಲ್ಲ, ಎನ್ನುತ್ತಾರೆ ಮೇಡಂ.
ಹತ್ತಿರ ಬರಬೇಡ ಎಂಬ ಮಾತಿಗೆ
ನಮ್ಮ ಬಾಯಲ್ಲಿ ನೀರು.

ಇವತ್ತು ಹಳೇ ಸೀಸೆಗಳನ್ನು ಹಬೆಗಿಟ್ಟು ಕೊಂದೆ.
ನೂರಿಪ್ಪತ್ತೊಂದು ಡಿಗ್ರಿ, ಹದಿನೈದು ನಿಮಿಷ.
ಜೀವ ಹೋಯಿತು; ಬಣ್ಣ ಕೊಂಚ ಮಂಕಾಯಿತು, ಹೋಗಲಿಲ್ಲ.
ಹಾಗಾದರೆ ಬಾಣಲೆಗೂ ತಡೆದೀತೋ ಏನೋ.
ಪುರ್ಸುವಿಗೆ ಫೋನು ಮಾಡಲು ತೆಗೆದು
ಮತ್ತೆ ಚೀಲಕ್ಕೆ ಹಾಕಿದೆ.

ರಾತ್ರಿ ಬಂಗಡೆ ತೊಳೆಯುವಾಗ ಬೆರಳು ನೋಡಿಕೊಂಡೆ.
ಮೀನಿನ ರಕ್ತ ಒಂದೇ ನೀರಿಗೆ ಹೋಯಿತು.
ಉಗುರಿನ ಸಂದಿಯದು ಅಲ್ಲೇ ಇತ್ತು.
ಅನ್ನ ಕಲಸುವ ಕೈ ಅದು.
ಚಮಚ ತೆಗೆದುಕೊಂಡೆ.